‘ಬೇಡ’ ಅನ್ನೋರು ಯಾರು? – ಸಭೆ, ಅಧಿಕಾರ ಮತ್ತು ಪವಿತ್ರಾತ್ಮ

ಎಲ್ಲರೂ ಕೂತ್ಕೊಳ್ಳಿ. ಬೈಬಲ್ ತಂದವರು, ಮೊಬೈಲಲ್ಲಿ ಓದೋರು, ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆಯಿರಿ.

ಯುವಜನರು ನನ್ನನ್ನು ಮತ್ತೆ ಮತ್ತೆ ಕೇಳುವ ಎರಡು ಪ್ರಶ್ನೆಗಳಿವೆ. ಒಬ್ಬರು ಕೇಳ್ತಾರೆ: “ಪಾಸ್ಟರ್, ಸಭೆಯನ್ನು ನಡೆಸೋನು ಪವಿತ್ರಾತ್ಮನು ಅಂದಮೇಲೆ ಈ ಕಮಿಟಿ, ಟ್ರಸ್ಟ್, ಓಟು, ಆಡಿಟ್ ಎಲ್ಲ ಯಾಕೆ?” ಇನ್ನೊಬ್ಬರು ಕೇಳ್ತಾರೆ: “ನಾಯಕರೇ ದಾರಿ ತಪ್ಪಿದರೆ ಅವರಿಗೆ ‘ಬೇಡ’ ಅಂತ ಹೇಳೋರು ಯಾರು?” ಯೋಚಿಸಿ ನೋಡಿ, ಇವು ಒಂದೇ ಪ್ರಶ್ನೆಯ ಎರಡು ಮುಖ. ಸಭೆಯಲ್ಲಿ ಅಧಿಕಾರ ಯಾರ ಕೈಯಲ್ಲಿರಬೇಕು? ಆ ಕೈ ಯಾರಿಗೆ ಲೆಕ್ಕ ಕೊಡಬೇಕು?

ಇವತ್ತು ಇದಕ್ಕೆ ನಮ್ಮದಲ್ಲದ ಒಂದು ಸಭೆಯ ಕಥೆ ತಗೊಂಡಿದ್ದೀನಿ. ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ. ಅವರು ಶನಿವಾರ ಸಬ್ಬತ್ ಆಚರಿಸುತ್ತಾರೆ, ನಾವು ಭಾನುವಾರ ಕೂಡಿಬರುತ್ತೇವೆ. ಪವಿತ್ರಾತ್ಮನ ವರಗಳ ವಿಷಯದಲ್ಲೂ ನಮಗೂ ಅವರಿಗೂ ವ್ಯತ್ಯಾಸ ಇದೆ. ಆ ಚರ್ಚೆ ಇವತ್ತು ಬೇಡ. 200ಕ್ಕೂ ಹೆಚ್ಚು ದೇಶ-ಪ್ರಾಂತ್ಯಗಳಲ್ಲಿ 2 ಕೋಟಿ 20 ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಈ ಸಭೆ, ‘ನಮ್ಮನ್ನು ಆಳೋರು ಯಾರು’ ಅನ್ನುವ ಪ್ರಶ್ನೆಯನ್ನು 160 ವರ್ಷಗಳಿಂದ ಎಲ್ಲರ ಮುಂದೆಯೇ ಚರ್ಚಿಸುತ್ತಾ ಬಂದಿದೆ. ದೂರದವರೇನಲ್ಲ. ಎಲೆಕ್ಟ್ರಾನಿಕ್ ಸಿಟಿ ದಾಟಿ, ಅತ್ತಿಬೆಲೆ ಗಡಿ ದಾಟಿದರೆ ಹೊಸೂರು. ಭಾರತ, ನೇಪಾಳ, ಭೂತಾನ್ ಸೇರಿದ ಅವರ ದಕ್ಷಿಣ ಏಷ್ಯಾ ಡಿವಿಜನ್ನಿನ ಮುಖ್ಯ ಕಚೇರಿ ಇರೋದು ಅಲ್ಲೇ.

ಕಥೆ ಶುರುವಾಗೋದು ಒಂದು ದೊಡ್ಡ ನಿರಾಶೆಯಿಂದ. ವಿಲಿಯಂ ಮಿಲ್ಲರ್ ಅವರ ಬೋಧನೆ ಕೇಳಿ ಅಮೆರಿಕದಲ್ಲಿ ಸಾವಿರಾರು ಜನ 1844ರ ಅಕ್ಟೋಬರ್ 22ಕ್ಕೆ ಯೇಸು ಬರುತ್ತಾನೆ ಅಂತ ಕಾದಿದ್ದರು. ಕರ್ತನು ಆ ದಿನ ಬರಲಿಲ್ಲ. ಅದಕ್ಕೂ ಮೊದಲೇ, ಈ ನಂಬಿಕೆಯ ಕಾರಣಕ್ಕೆ ಅವರಲ್ಲಿ ಅನೇಕರನ್ನು ತಮ್ಮ ತಮ್ಮ ಸಭೆಗಳಿಂದ ಹೊರಗೆ ಹಾಕಲಾಗಿತ್ತು. ಹೀಗೆ ಪೆಟ್ಟು ತಿಂದವರಿಗೆ ಸಂಘಟನೆ ಅಂದರೆ ಹೆದರಿಕೆ ಆಗದೆ ಇರುತ್ತಾ? ಜಾರ್ಜ್ ಸ್ಟೋರ್ಸ್ ಎಂಬ ಬೋಧಕರಂತೂ, ಮನುಷ್ಯರು ಸಭೆಯನ್ನು ಸಂಘಟಿಸಿದ ಕ್ಷಣದಲ್ಲೇ ಅದು ಬಾಬೆಲ್ ಆಗುತ್ತೆ ಅಂತ ಬರೆದಿದ್ದರು. 1860ರಲ್ಲಿ ಸಬ್ಬತ್ ಆಚರಿಸುವ ಗುಂಪಿಗೆ ಹೆಸರು ಬೇಕು, ಕಾನೂನುಬದ್ಧ ನೋಂದಣಿ ಬೇಕು ಅನ್ನುವ ಮಾತು ಬಂದಾಗಲೂ, ಆದಿಕಾಂಡ 11ರಲ್ಲಿ ಗೋಪುರ ಕಟ್ಟಿದವರು ಹೆಸರು ಮಾಡಿಕೊಳ್ಳಲು ಹೊರಟ ಹಾಗೆ ಇದೂ ಆಗುತ್ತೆ ಅಂತ ವಿರೋಧಿಸಿದವರಿದ್ದರು.

ನಮ್ಮಲ್ಲೂ ಈ ಮಾತು ಕೇಳಿದ್ದೀರಿ, ಅಲ್ವಾ? “ಸಂಸ್ಥೆ ಬಂದಲ್ಲಿ ಆತ್ಮ ಹೋಗುತ್ತೆ.” ಇದರಲ್ಲಿ ಸತ್ಯ ಇಲ್ಲ ಅಂತ ನಾನು ಹೇಳೋದಿಲ್ಲ. ಆದರೆ ಸಂಸ್ಥೆಯೇ ಇಲ್ಲದಾಗ ಏನಾಯ್ತು ನೋಡಿ. ಬೋಧಕರಿಗೆ ಸಂಬಳ ಅನ್ನೋದೇ ಇರಲಿಲ್ಲ. ಜೆ. ಎನ್. ಲಫ್‌ಬರೋ ಎಂಬ ಒಳ್ಳೇ ಬೋಧಕರು ಹೊಟ್ಟೆಪಾಡಿಗೆ ಅಯೋವಾದ ವಾಕಾನ್ ಅನ್ನೋ ಊರಿಗೆ ಹೋಗಿ ಬಡಗಿ ಕೆಲಸ ಹಿಡಿದರು. 1856ರ ಚಳಿಗಾಲದಲ್ಲಿ ಜೇಮ್ಸ್ ವೈಟ್ ಮತ್ತು ಎಲೆನ್ ವೈಟ್ ದಂಪತಿಗಳು ಹೆಪ್ಪುಗಟ್ಟಿದ ಮಿಸ್ಸಿಸಿಪ್ಪಿ ನದಿಯ ಮೇಲೆ ಹಾದುಹೋಗಿ ಅವರನ್ನು ಸೇವೆಗೆ ವಾಪಸ್ ಕರೆತರಬೇಕಾಯ್ತು. ಸಭೆಯ ಮುದ್ರಣಾಲಯ ಜೇಮ್ಸ್ ವೈಟ್ ಒಬ್ಬರ ಹೆಸರಲ್ಲೇ ಇತ್ತು. ನಾಳೆ ಅವರು ತೀರಿಕೊಂಡರೆ? ಜನರ ಕಾಣಿಕೆಯಿಂದ ಕಟ್ಟಿದ್ದು ಕಾನೂನಿನ ಕಣ್ಣಿಗೆ ಒಬ್ಬ ಮನುಷ್ಯನ ಸ್ವಂತ ಆಸ್ತಿ! ಈ ಅಪಾಯವನ್ನು ಎತ್ತಿ ಹೇಳಿದವರು ಬೇರೆ ಯಾರೂ ಅಲ್ಲ, ಸ್ವತಃ ಜೇಮ್ಸ್ ವೈಟ್. ‘ಇದು ನನ್ನ ಹೆಸರಲ್ಲಿ ಇರಬಾರದು’ ಅಂತ ಅವರೇ ಹಟ ಹಿಡಿದರು.

1863ರ ಮೇ ತಿಂಗಳಲ್ಲಿ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಊರಿನಲ್ಲಿ ಜನರಲ್ ಕಾನ್ಫರೆನ್ಸ್ ಸ್ಥಾಪನೆ ಆಯ್ತು. ಆಗ ಇದ್ದ ಸದಸ್ಯರು ಸುಮಾರು 3,500. ಅಧ್ಯಕ್ಷರಾಗಿ ಜೇಮ್ಸ್ ವೈಟ್ ಅವರನ್ನೇ ಆರಿಸಿದರು. ಸಂಘಟನೆ ಬೇಕು ಅಂತ ಹೋರಾಡಿದ್ದು ತಾನೇ, ಈಗ ಕುರ್ಚಿಯಲ್ಲೂ ತಾನೇ ಕೂತರೆ ಜನ ಏನಂದಾರು ಅಂತ ಅವರು ಒಪ್ಪಲಿಲ್ಲ. ಜಾನ್ ಬೈಯಿಂಗ್ಟನ್ ಮೊದಲ ಅಧ್ಯಕ್ಷರಾದರು.

ಈಗ 6ನೇ ಅಧ್ಯಾಯ ನೋಡಿ. ಯೆರೂಸಲೇಮಿನ ಸಭೆಯಲ್ಲಿ ಮೊದಲ ವ್ಯವಸ್ಥೆ ಹುಟ್ಟಿದ್ದು ಹೇಗೆ? ಗೊಣಗಾಟದಿಂದ! ಗ್ರೀಕ್ ಭಾಷೆಯ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಊಟ ಸಿಗ್ತಾ ಇರಲಿಲ್ಲ. ಪಂಚಾಶತ್ತಮದ ಬೆಂಕಿ ಇಳಿದ ಸಭೆ ಅದು, ಪ್ರಿಯರೇ. ಆತ್ಮನು ಬಲವಾಗಿ ಕೆಲಸ ಮಾಡ್ತಿದ್ದ ಜಾಗದಲ್ಲೇ ಬಡ ವಿಧವೆಯ ತಟ್ಟೆ ಖಾಲಿ ಇತ್ತು. ಅಪೊಸ್ತಲರು “ಇನ್ನೂ ಜಾಸ್ತಿ ಪ್ರಾರ್ಥನೆ ಮಾಡಿ” ಅಂತ ಹೇಳಿ ಕಳಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿ ಅಂದರು. ಆ ಏಳು ಹೆಸರು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ... ಎಲ್ಲವೂ ಗ್ರೀಕ್ ಹೆಸರು. ಅನ್ಯಾಯ ಆಗಿದ್ದು ಯಾರ ಕಡೆಯವರಿಗೋ, ಹಂಚುವ ಸೌಟನ್ನು ಆ ಕಡೆಯವರ ಕೈಗೇ ಕೊಟ್ಟರು. ಆ ಸೇವೆಗೆ ಬೇಕಾದ ಅರ್ಹತೆ ಏನು? ಆತ್ಮಭರಿತರಾಗಿರಬೇಕು. ಅಂದರೆ ಲೆಕ್ಕ ಇಡೋದು, ಹಂಚೋದು ಆತ್ಮನಿಗೆ ಹೊರತಾದ ಕೆಲಸ ಅಲ್ಲ. ಆಮೆನ್?

ಆದರೆ ಕಟ್ಟಿದ ವ್ಯವಸ್ಥೆಯೇ ಭಾರ ಆಗುವ ಕಾಲವೂ ಬರುತ್ತೆ. 1901ರ ಹೊತ್ತಿಗೆ ಅಡ್ವೆಂಟಿಸ್ಟರು ಸುಮಾರು 75,000 ಆಗಿದ್ದರು, ಹಲವು ಖಂಡಗಳಿಗೆ ಹರಡಿದ್ದರು. ಆದರೂ ಎಲ್ಲದಕ್ಕೂ ಬ್ಯಾಟಲ್ ಕ್ರೀಕಿನ ಕೆಲವೇ ಮಂದಿಯ ಅಪ್ಪಣೆ ಬೇಕಿತ್ತು. ವಿಮೋಚನಕಾಂಡ 18ರಲ್ಲಿ ಬೆಳಗಿಂದ ಸಂಜೆ ತನಕ ಮೋಶೆ ಒಬ್ಬನೇ ಕೂತು ನ್ಯಾಯ ತೀರಿಸುತ್ತಿದ್ದ ಹಾಗೆ. ಅಲ್ಲಿ ಮಾವ ಇತ್ರೋ ಬಂದು, “ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ” ಅನ್ನುವ ಅರ್ಥದ ಮಾತು ಹೇಳಿದ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಒಂಬತ್ತು ವರ್ಷ ಸೇವೆ ಮಾಡಿ ಹಿಂತಿರುಗಿದ್ದ ಎಲೆನ್ ವೈಟ್ ಆ ಕೆಲಸ ಮಾಡಿದರು. ಯಾವ ಅಧ್ಯಕ್ಷ ಪದವಿಯನ್ನೂ ಹಿಡಿಯದ ಒಬ್ಬ ಹೆಂಗಸು, ಅಧಿಕಾರದಲ್ಲಿದ್ದ ಗಂಡಸರ ಮುಂದೆ ನಿಂತು, ಕೆಲವರೇ ರಾಜರ ಹಾಗೆ ಆಳುವುದು ನಿಲ್ಲಲಿ, ಜವಾಬ್ದಾರಿ ಹಂಚಿಹೋಗಲಿ ಅಂತ ನೇರವಾಗಿ ಹೇಳಿದರು. ಆ ವರ್ಷ ಯೂನಿಯನ್ ಅನ್ನುವ ನಡುವಿನ ಹಂತ ಎಲ್ಲೆಡೆ ಬಂತು. ಸ್ಥಳೀಯ ಸಭೆ, ಅದರ ಮೇಲೆ ಕಾನ್ಫರೆನ್ಸ್, ಅದರ ಮೇಲೆ ಯೂನಿಯನ್, ಆಮೇಲೆ ಜನರಲ್ ಕಾನ್ಫರೆನ್ಸ್. ಆಯಾ ನಾಡಿನ ತೀರ್ಮಾನ ಆಯಾ ನಾಡಿನಲ್ಲೇ ಆಗಲಿ ಅನ್ನೋದು ಉದ್ದೇಶ.

ಇನ್ನೊಂದು ಕಡೆ ‘ಕ್ರಿಸ್ತನೇ ತಲೆ, ಅಧ್ಯಕ್ಷ ಯಾಕೆ ಬೇಕು’ ಅನ್ನುವ ಗುಂಪೂ ಇತ್ತು. ಕೇಳಲು ಎಷ್ಟು ಆತ್ಮೀಕವಾಗಿದೆ! ಎರಡು ವರ್ಷ ಅಧ್ಯಕ್ಷ ಪದವಿಯೇ ಇರಲಿಲ್ಲ. ಆದರೆ ಕುರ್ಚಿ ತೆಗೆದರೆ ಅಧಿಕಾರ ಮಾಯ ಆಗೋದಿಲ್ಲ, ಮಾತಿನ ಬಲ, ಹಣದ ಬಲ ಇದ್ದವರ ಕಡೆ ಹರಿದುಹೋಗುತ್ತೆ. ನೀವು ಬೆಳಗ್ಗೆ ತಿನ್ನೋ ಕಾರ್ನ್‌ಫ್ಲೇಕ್ಸ್ ಡಬ್ಬಿಯ ಮೇಲೆ ಕೆಲ್ಲಾಗ್ ಅನ್ನೋ ಹೆಸರಿರುತ್ತಲ್ಲ, ಆ ಕಂಪನಿ ಕಟ್ಟಿದವರ ಅಣ್ಣ ಡಾಕ್ಟರ್ ಜಾನ್ ಹಾರ್ವೆ ಕೆಲ್ಲಾಗ್ ಸಭೆಯ ವೈದ್ಯಕೀಯ ಸೇವೆಯ ಮುಖ್ಯಸ್ಥರು. ಬ್ಯಾಟಲ್ ಕ್ರೀಕಿನ ಅವರ ಆಸ್ಪತ್ರೆ 1902ರಲ್ಲಿ ಸುಟ್ಟುಹೋಯ್ತು. ಆಸ್ಪತ್ರೆ, ಸಾಲ, ಬೋಧನೆ ಎಲ್ಲದರಲ್ಲೂ ಅವರಿಗೂ ಸಭೆಯ ನಾಯಕರಿಗೂ ತಿಕ್ಕಾಟ ಬೆಳೆಯಿತು. 1903ರಲ್ಲಿ ಅಧ್ಯಕ್ಷ ಪದವಿ ವಾಪಸ್ ಬಂತು. 1907ರಲ್ಲಿ ಕೆಲ್ಲಾಗ್ ಅವರ ಸದಸ್ಯತ್ವ ಹೋಯ್ತು, ಆಸ್ಪತ್ರೆಯೂ ಸಭೆಯ ಕೈ ತಪ್ಪಿತು.

ಈಗ ನಮ್ಮ ಕಾಲಕ್ಕೆ ಬರೋಣ. ಅವರಲ್ಲಿ ದಶಮಾಂಶ ಸ್ಥಳೀಯ ಸಭೆಯಲ್ಲಿ ಉಳಿಯೋದಿಲ್ಲ, ಕಾನ್ಫರೆನ್ಸಿಗೆ ಹೋಗುತ್ತೆ. ಅಲ್ಲಿಂದ ಪಾಸ್ಟರುಗಳ ಸಂಬಳ ಬರುತ್ತೆ, ಒಂದು ಭಾಗ ಮೇಲಿನ ಹಂತಗಳಿಗೂ ಹೋಗುತ್ತೆ. ಹಾಗಾಗಿ ಶ್ರೀಮಂತ ಸಭೆಯ ಪಾಸ್ಟರಿಗೆ ಒಂದು, ಹಳ್ಳಿಯ ಪಾಸ್ಟರಿಗೆ ಒಂದು ಅನ್ನುವ ಅಂತರ ಕಡಿಮೆ. ಇದು ಆ ವ್ಯವಸ್ಥೆಯ ಸೊಗಸು. ಆದರೆ ಐದು ವರ್ಷಕ್ಕೊಮ್ಮೆ ಲೋಕದ ಎಲ್ಲ ಕಡೆಯ ಪ್ರತಿನಿಧಿಗಳು ಸೇರಿ ಓಟು ಹಾಕುವ ಮಹಾಸಭೆ ಇದೆಯಲ್ಲ, ಅಲ್ಲಿ ನೋವು ಕಾಣುತ್ತೆ.

2015ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ ಒಂದು ಪ್ರಶ್ನೆ ಬಂತು. ಮಹಿಳೆಯರಿಗೆ ಪಾಸ್ಟರ್ ದೀಕ್ಷೆ ಕೊಡಬಹುದಾ ಅನ್ನೋದನ್ನು ಆಯಾ ಡಿವಿಜನ್ ತನ್ನ ಪ್ರದೇಶಕ್ಕೆ ತಕ್ಕ ಹಾಗೆ ತೀರ್ಮಾನಿಸಬಹುದೇ? ಬೇಡ ಅಂದವರು 1,381. ಸರಿ ಅಂದವರು 977. ಆದರೆ 2012ರಲ್ಲೇ ಅಮೆರಿಕದ ಕೆಲವು ಯೂನಿಯನ್‌ಗಳು ಗಂಡು-ಹೆಣ್ಣು ಭೇದವಿಲ್ಲದೆ ದೀಕ್ಷೆ ಕೊಡಲು ಒಪ್ಪಿದ್ದವು. 2018ರಲ್ಲಿ ಅದೇ ಬ್ಯಾಟಲ್ ಕ್ರೀಕಿನಲ್ಲಿ ನಡೆದ ಕಾರ್ಯಕಾರಿ ಸಮಿತಿಯಲ್ಲಿ, ಲೋಕಸಭೆಯ ತೀರ್ಮಾನ ಪಾಲಿಸದ ಘಟಕಗಳ ನಾಯಕರಿಗೆ ಎಚ್ಚರಿಕೆ ಕೊಡುವ, ಛೀಮಾರಿ ಹಾಕುವ ಕ್ರಮಕ್ಕೆ 185ಕ್ಕೆ 124 ಓಟಿನಿಂದ ಒಪ್ಪಿಗೆ ಸಿಕ್ಕಿತು.

ಇಬ್ಬರ ಮಾತನ್ನೂ ಪ್ರಾಮಾಣಿಕವಾಗಿ ಕೇಳಿ. ಒಬ್ಬರು ಹೇಳ್ತಾರೆ: “ದೇವರು ಈ ಸಹೋದರಿಯನ್ನು ಕರೆದಿರೋದನ್ನು ನಮ್ಮ ಸಭೆ ಕಣ್ಣಾರೆ ಕಂಡಿದೆ. ಇಂಥ ತೀರ್ಮಾನ ನಾಡಿನಲ್ಲೇ ಆಗಲಿ ಅಂತಲೇ ತಾನೇ 1901ರಲ್ಲಿ ಯೂನಿಯನ್ ಮಾಡಿದ್ದು? ನಮ್ಮ ಮನಸ್ಸಾಕ್ಷಿಯನ್ನು ಓಟಿಗೆ ಹಾಕಬಹುದಾ?” ಇನ್ನೊಬ್ಬರು, ಆಫ್ರಿಕಾದವರೋ ಲ್ಯಾಟಿನ್ ಅಮೆರಿಕದವರೋ, ಹೇಳ್ತಾರೆ: “ಇವತ್ತು ಉತ್ತರ ಅಮೆರಿಕದಲ್ಲಿ ಇರೋದು ಸುಮಾರು 12 ಲಕ್ಷ ಸದಸ್ಯರು. ಬಹುಪಾಲು ಜನ ನಾವಿದ್ದೇವೆ. ನೀವೇ ಹೆಚ್ಚು ಇದ್ದಾಗ ಎಲ್ಲರೂ ಒಂದೇ ತೀರ್ಮಾನಕ್ಕೆ ತಲೆಬಾಗಬೇಕಿತ್ತು. ನಮ್ಮ ಓಟು ಹೆಚ್ಚಾದ ಕೂಡಲೇ ಸ್ಥಳೀಯ ಸ್ವಾತಂತ್ರ್ಯ ನೆನಪಾಯ್ತಾ?” ಈ ಎರಡನೇ ಮಾತು ಚುಚ್ಚುತ್ತೆ, ಅಲ್ವಾ? ಇದಕ್ಕೆ ಹಣದ ವಿಷಯವೂ ಸೇರಿಕೊಂಡಿದೆ. ಬಹಳ ಕಾಲ ಉತ್ತರ ಅಮೆರಿಕ ತನ್ನ ದಶಮಾಂಶದಲ್ಲಿ ಬೇರೆಯವರಿಗಿಂತ ಹೆಚ್ಚಿನ ಪಾಲನ್ನು ಲೋಕಸಭೆಗೆ ಕೊಡ್ತಾ ಬಂದಿದೆ. ಹೆಚ್ಚು ಕೊಡೋರು ಒಂದು ಕಡೆ, ಹೆಚ್ಚು ಓಟು ಇರೋರು ಇನ್ನೊಂದು ಕಡೆ. 2025ರಲ್ಲಿ ಬ್ರೆಜಿಲ್‌ನ ಎರ್ಟನ್ ಕೋಲರ್ ಅಧ್ಯಕ್ಷರಾದರು. ದಕ್ಷಿಣ ಅಮೆರಿಕದಿಂದ ಅಧ್ಯಕ್ಷರಾಗಿದ್ದು ಅವರೇ ಮೊದಲು. ಆದರೆ ನಾಯಕರು ಬೇರೆ ನಾಡಿನವರಾದ ಮಾತ್ರಕ್ಕೆ ಈ ಪ್ರಶ್ನೆ ತೀರೋದಿಲ್ಲ.

ಹಾಗಾದರೆ ದೇವರ ವಾಕ್ಯ ಯಾವ ದಾರಿ ತೋರಿಸುತ್ತೆ? ಅಪೊಸ್ತಲರ ಕೃತ್ಯಗಳು 15ಕ್ಕೆ ಬನ್ನಿ. ಯೆರೂಸಲೇಮಿನ ಸಭೆಯಲ್ಲಿ ತೀರ್ಮಾನ ಮಾಡೋ ಅಧಿಕಾರ ಇದ್ದಿದ್ದು ಯೆಹೂದ್ಯರಾದ ವಿಶ್ವಾಸಿಗಳಿಗೆ. ಸುನ್ನತಿ ಕಡ್ಡಾಯ ಅಂತ ಅವರು ಓಟು ಹಾಕಿಸಬಹುದಿತ್ತು. ಆದರೆ ಅವರು ಏನು ಮಾಡಿದರು? ಬಾರ್ನಬ ಮತ್ತು ಪೌಲರ ಸಾಕ್ಷಿ ಮುಗಿಯೋ ತನಕ ಇಡೀ ಸಭೆ ಮೌನವಾಗಿ ಕೇಳಿಸಿಕೊಂಡಿತು. ಆಮೇಲೆ ದೂರದ ಅಂತಿಯೋಕ್ಯದ ಅನ್ಯಜನರ ಹೆಗಲಿಂದ ಭಾರ ಇಳಿಸಿದರು. ಅಧಿಕಾರವನ್ನು ಭಾರ ಇಳಿಸೋಕೆ ಬಳಸಿದರು! ಆದರೆ ಕಥೆ ಅಲ್ಲಿಗೇ ನಿಲ್ಲಲ್ಲ. ಮುಂದಿನ ಅಧ್ಯಾಯದಲ್ಲೇ ಗೆದ್ದ ಪೌಲನು, ಆ ಕಡೆಯ ಯೆಹೂದ್ಯರಿಗೆ ಅಡ್ಡಿಯಾಗಬಾರದು ಅಂತ ತಿಮೊಥೆಯನಿಗೆ ಸುನ್ನತಿ ಮಾಡಿಸುತ್ತಾನೆ. ಸ್ವಾತಂತ್ರ್ಯ ಸಿಕ್ಕವನು ಅದನ್ನು ಪ್ರೀತಿಗಾಗಿ ಬಿಟ್ಟುಕೊಟ್ಟ. ಎರಡೂ ಕಡೆಯವರಿಗೆ ಖರ್ಚು ಬಿತ್ತು. ಒಂದೇ ಕಡೆಯವರು ಬೆಲೆ ತೆರುವ ಐಕ್ಯತೆಯನ್ನು ಐಕ್ಯತೆ ಅಂತ ಕರೆಯೋದು ಕಷ್ಟ.

ನನಗೆ ಕಾಣೋದು ಇಷ್ಟು. ಸಭೆಯ ವ್ಯವಸ್ಥೆಯನ್ನು ಮೇಲಿನ ಕುರ್ಚಿಯಲ್ಲಿ ಕೂತು ಅಳೆಯಬೇಡಿ, ಕೆಳಗಿನ ಮೆಟ್ಟಿಲಲ್ಲಿ ನಿಂತು ಅಳೆಯಿರಿ. ಖಾಲಿ ತಟ್ಟೆಯ ವಿಧವೆಯ ಗೊಣಗಾಟ ಮೇಲಿನ ತನಕ ತಲುಪೋ ದಾರಿ ಇದೆಯಾ? ಮೇಲೆ ಕೂತವನಿಗೆ ‘ಬೇಡ’ ಅನ್ನೋ ಹಕ್ಕು ಯಾರಿಗಾದರೂ ಇದೆಯಾ? ಇವೆರಡೂ ಇದ್ದರೆ ಅದು ಬಿಷಪ್ ಇರುವ ಸಭೆಯಾಗಲಿ, ಓಟಿನ ಸಭೆಯಾಗಲಿ, ಕರ್ತನು ಅದರಲ್ಲಿ ಕೆಲಸ ಮಾಡಬಲ್ಲನು. ಇಲ್ಲದಿದ್ದರೆ ಎಷ್ಟೇ ಅನ್ಯಭಾಷೆ ಆಡಿದರೂ ಅಪಾಯ ಅಪಾಯವೇ. ಬಹುಮತ ತೀರ್ಮಾನ ಮಾಡಬಹುದು, ಸತ್ಯವನ್ನು ಹುಟ್ಟಿಸಲಾರದು. ಆದ್ದರಿಂದ ಸೋತವರನ್ನು ಹೇಗೆ ನಡೆಸಿಕೊಳ್ಳುತ್ತೇವೆ ಅನ್ನೋದರಲ್ಲೇ ಗೆದ್ದವರ ಆತ್ಮೀಕತೆ ಗೊತ್ತಾಗುತ್ತೆ.

ನಮ್ಮ ಪೆಂತೆಕೊಸ್ತ್ ಸಭೆಗಳ ವಿಷಯದಲ್ಲೂ ಒಂದು ಮಾತು. ನಮ್ಮಲ್ಲಿ ಎಷ್ಟೋ ಕಡೆ ಜಾಗ, ಬ್ಯಾಂಕ್ ಖಾತೆ, ಪುಲ್ಪಿಟ್ ಎಲ್ಲವೂ ಒಂದೇ ಮನೆಯಲ್ಲಿ ಇರುತ್ತೆ. ಲೆಕ್ಕ ಕೇಳಿದ ಯುವಕರಿಗೆ “ಅಭಿಷಿಕ್ತನ ತಂಟೆಗೆ ಹೋಗಬೇಡ” ಅಂತ ಬಾಯಿ ಮುಚ್ಚಿಸ್ತಾರೆ. ದಾವೀದನು ಅಭಿಷಿಕ್ತನಾಗಿರಲಿಲ್ವಾ? ಅವನ ಅರಮನೆಗೇ ಹೋಗಿ ನಾತಾನನು ಪಾಪವನ್ನು ಎತ್ತಿ ತೋರಿಸಲಿಲ್ವಾ? ದೇವರು ದಾವೀದನ ಮೇಲೆ ಇಟ್ಟ ಪ್ರೀತಿಯ ಒಂದು ಗುರುತು ಆ ನಾತಾನ. ನಿಮ್ಮ ಪಾಸ್ಟರನ್ನು ನೀವು ನಿಜವಾಗಿ ಪ್ರೀತಿಸಿದರೆ ಅವರಿಗೊಬ್ಬ ನಾತಾನ ಇರಲಿ ಅಂತ ಬೇಡಿಕೊಳ್ಳಿ. ನನಗೂ ಸೇರಿಸಿಯೇ ಹೇಳ್ತಿದ್ದೀನಿ.

ಹಾಗೇ ಯುವಜನರೇ, ಲೆಕ್ಕ ಕೇಳೋದು ಸುಲಭ, ಲೆಕ್ಕ ಇಡೋಕೆ ಕೂರೋದು ಕಷ್ಟ. ವಾರ್ಷಿಕ ಸಭೆ ಅಂದರೆ ಮನೆಗೆ ಓಡ್ತೀರಿ, ಕಮಿಟಿ ಅಂದರೆ ಬೋರ್ ಅಂತೀರಿ. ಸ್ತೆಫನನು ಹುತಾತ್ಮನಾಗುವ ಮೊದಲು ಊಟ ಹಂಚುವ ಕಮಿಟಿಯ ಸದಸ್ಯನಾಗಿದ್ದ ಅನ್ನೋದನ್ನು ಮರೆಯಬೇಡಿ.

ಎಲ್ಲರೂ ಎದ್ದು ನಿಲ್ಲೋಣ. ಪರಲೋಕದ ತಂದೆಯೇ, ನಿನ್ನ ಸಭೆಯನ್ನು ನಿನ್ನ ರಕ್ತದಿಂದ ಕೊಂಡುಕೊಂಡಿದ್ದೀಯ, ಅದು ನಮ್ಮ ಯಾರ ಹೆಸರಲ್ಲೂ ಇಲ್ಲ. ಅಧಿಕಾರ ಇರುವವರಿಗೆ ಕೇಳುವ ಕಿವಿ ಕೊಡು, ನೊಂದವರಿಗೆ ಹೇಳುವ ಧೈರ್ಯ ಕೊಡು. ಹೊಸೂರಿನಲ್ಲಿರುವ ನಿನ್ನ ಮಕ್ಕಳನ್ನೂ ಇಲ್ಲಿರುವ ನಮ್ಮನ್ನೂ ಒಂದೇ ಆತ್ಮನಿಂದ ನಡೆಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.