ಹದಿನೇಳು ಗಂಟೆಯ ದಾರಿ

2023ರಲ್ಲಿ ನಮ್ಮ ಬೀದಿಯ ವೃದ್ಧೆಯೊಬ್ಬರು ತೀರಿಕೊಂಡರು. ಸ್ಯಾನ್ ಫ್ರಾನ್ಸಿಸ್ಕೋದ ಬಳಿಯಿದ್ದ ಕಿರಿಯ ಮಗ ಬೆಂಗಳೂರು ಮುಟ್ಟಿದ್ದು ಮೂರನೆಯ ದಿನ. ಅಷ್ಟರಲ್ಲಿ ದಹನ ಮುಗಿದಿತ್ತು. "ಬರೀ ಹದಿನೇಳು ಗಂಟೆಯ ದಾರಿಯಂತೆ, ಮೊದಲೇ ಬರಬಾರದಿತ್ತೆ?" ಎಂದರು ನೆರೆಯವರು. ನಾನೂ ಅಂದೆ, ಸುಳ್ಳೇಕೆ?

ಲೆಕ್ಕವೇನೋ ಸರಿಯೇ. ಬೆಂಗಳೂರಿನ ರೇಖಾಂಶ ಪೂರ್ವಕ್ಕೆ 77 ಡಿಗ್ರಿಯ ಮೇಲೆ. ಸ್ಯಾನ್ ಫ್ರಾನ್ಸಿಸ್ಕೋದ್ದು ಪಶ್ಚಿಮಕ್ಕೆ 122. ಒಂದು ಊರು ಭೂಗೋಳದ ಈ ಮಗ್ಗುಲಿಗಿದ್ದರೆ ಇನ್ನೊಂದು ಹೆಚ್ಚುಕಡಿಮೆ ಆ ಮಗ್ಗುಲಿಗೆ. ಗೋಡೆಯ ನಕ್ಷೆಯಲ್ಲಿ ಗೆರೆ ಎಳೆದರೆ ಮಹಾಸಾಗರವನ್ನು ದಾಟಬೇಕು. ಗೋಳದ ಮೇಲೆ ದಾರ ಬಿಗಿದು ನೋಡಿದರೆ ಅದು ಉತ್ತರ ಧ್ರುವದ ಕಡೆಗೆ ಬಾಗಿ ಹಾಯುತ್ತದೆ. ಆ ದಾರದ ಉದ್ದ ಸುಮಾರು 14,000 ಕಿಲೋಮೀಟರು. 2021ರ ಜನವರಿ 9ರ ಶನಿವಾರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನವು ಎಲ್ಲಿಯೂ ಇಳಿಯದೆ, ಧ್ರುವದ ಹಾದಿ ಹಿಡಿದು, ಸೋಮವಾರ ನಸುಕಿಗೆ ಇಲ್ಲಿ ಇಳಿಯಿತು. ನಡೆಸಿದವರೆಲ್ಲ ಮಹಿಳೆಯರೇ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳು. ಎರಡೂರಿನ ಗಡಿಯಾರಗಳಿಗೆ ಆಗ ಹದಿಮೂರೂವರೆ ಗಂಟೆ ಅಂತರವಿದ್ದುದರಿಂದ, ಪ್ರಯಾಣಿಕರ ಪಾಲಿಗೆ ಭಾನುವಾರವೆಂಬುದು ಬಹುಮಟ್ಟಿಗೆ ಬರಲೇ ಇಲ್ಲ.

ಹಿಂದೆ ಬೊಂಬಾಯಿಯಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಓದಲು ಹೋದ ಮಗನಿಗೆ ನಮ್ಮ ಬೀದಿಯ ಈ ಮಾತು ಕೇಳುವ ಪ್ರಮೇಯವಿರಲಿಲ್ಲ. ಮರಳಲು ಎರಡು ಮೂರು ವಾರ. ತಾಯಿ ಹೋದಳೆಂದು ತಂತಿ ಬಂದರೆ ಅಲ್ಲೇ ಸ್ನಾನಮಾಡಿ ಅತ್ತು ಸುಮ್ಮನಾಗಬೇಕು. ತಪ್ಪು ಅವನದಲ್ಲ, ಸಮುದ್ರದ್ದು. ಮಾಡಲಾಗದ್ದನ್ನು ಮಾಡಲಿಲ್ಲವೆಂದು ಯಾರನ್ನೂ ದೂರಬಾರದು ಎಂಬುದು ನೀತಿಯ ಹಳೆಯ ಮಾತು. ಹಾಗಾದರೆ ಮಾಡಬಹುದಾದದ್ದು ಹೆಚ್ಚಿದಂತೆಲ್ಲ ಮಾಡಲೇಬೇಕಾದದ್ದೂ ಹೆಚ್ಚುತ್ತದೆಯೆ? ವಿಮಾನವು ಕಳೆದದ್ದು ದೂರವನ್ನೋ, ದೂರವು ನಮಗೆ ಕೊಡುತ್ತಿದ್ದ ಮಾಫಿಯನ್ನೋ?

ಆತ ತಿಂಗಳಿಂದ ದಿನವೂ ಫೋನಿನಲ್ಲಿ "ಬರಲೇನಣ್ಣ?" ಎನ್ನುತ್ತಿದ್ದನಂತೆ. "ಸದ್ಯ ಪರವಾಗಿಲ್ಲ, ನೀನೇ ನೋಡಿಕೋ" ಎಂದು ಅಣ್ಣನ ಉತ್ತರ. ವೀಸಾ ಮುದ್ರೆಯ ಅವಧಿ ಬೇರೆ ಮುಗಿದಿತ್ತು. ಒಮ್ಮೆ ಬಂದರೆ ಹೊಸ ಮುದ್ರೆ ಬೀಳುವತನಕ ಕೆಲಸಕ್ಕೆ ಮರಳುವಂತಿಲ್ಲ. 17 ಗಂಟೆಯೆಂಬುದು ನಿಲ್ದಾಣದಿಂದ ನಿಲ್ದಾಣಕ್ಕೆ ಮಾತ್ರ. ಇದನ್ನು ನೆರೆಯವರು ಲೆಕ್ಕಕ್ಕೆ ಹಿಡಿಯಲಿಲ್ಲ.

ಆದರೂ ಆತನನ್ನು ಪೂರ್ತಿ ಖುಲಾಸೆ ಮಾಡಲು ನನ್ನ ಮನಸ್ಸು ಒಪ್ಪದು. "ಬರಲೇ?" ಎಂದು ಕೇಳುವವನು ತೀರ್ಮಾನದ ಹೊರೆಯನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿರುತ್ತಾನೆ. ಅಲ್ಲದೆ, ಬೇಕಾದಾಗ ಹೊರಡಬಹುದೆಂಬ ಧೈರ್ಯವೇ ಆತನನ್ನು ಹೊರಡಗೊಡಲಿಲ್ಲವೆಂದು ನನ್ನ ಗುಮಾನಿ. ಮೂರು ವಾರದ ದಾರಿಯಾಗಿದ್ದರೆ ಕಾಯಿಲೆ ಎಂದ ದಿನವೇ ಪೆಟ್ಟಿಗೆ ಕಟ್ಟುತ್ತಿದ್ದನೋ ಏನೋ.

ಈ ಗುಮಾನಿ ನನಗೆ ಬಂದದ್ದು ಆತನನ್ನು ನೋಡಿಯಲ್ಲ. ಮೈಸೂರಿನಲ್ಲಿ ನನ್ನ ಅಕ್ಕನಿದ್ದಾಳೆ. ಸುಮಾರು 140 ಕಿಲೋಮೀಟರು. ರೈಲಿನಲ್ಲಿ ಮೂರು ಗಂಟೆ ಸಾಕು. ಅವಳ ಮುಖ ನೋಡಿ ಎರಡು ವರ್ಷವಾಯಿತು. ಮೊನ್ನೆ ಫೋನಿನಲ್ಲಿ "ಯಾವಾಗ ಬರ್ತೀಯೋ?" ಎಂದಳು.

"ಬರ್ತೀನಕ್ಕ, ಮಹಾ ಎಷ್ಟು ಹೊತ್ತಿನ ದಾರಿ!" ಎಂದೆ.