ವರ್ಣಾಂಧತೆಯೂ ವೈಮಾನಿಕನ ಅಧಿಕಾರವೂ

ಒಂದು ಕರ್ಮಕ್ಕೆ ಅಧಿಕಾರಿ ಯಾರು ಎಂಬ ಪ್ರಶ್ನೆ ಭಾರತೀಯ ಶಾಸ್ತ್ರಕಾರರಿಗೆ ಹೊಸದಲ್ಲ. ಪೂರ್ವಮೀಮಾಂಸೆಯ ಆರನೆಯ ಅಧ್ಯಾಯವು ಈ ವಿಚಾರಕ್ಕೇ ಮೀಸಲಾದುದು. ಅಂಗವಿಕಲನಾದವನಿಗೆ ಯಜ್ಞದಲ್ಲಿ ಅಧಿಕಾರವುಂಟೆ ಇಲ್ಲವೆ ಎಂಬುದನ್ನೂ ಅಲ್ಲಿ ಚರ್ಚಿಸಲಾಗಿದೆ. ಅಧಿಕಾರವೆಂದರೆ ಅಲ್ಲಿ ದರ್ಪವಲ್ಲ, ಅರ್ಹತೆ. ಅದೇ ಪ್ರಶ್ನೆ ಇಂದು ಬೇರೊಂದು ವೇಷದಲ್ಲಿ ವೈದ್ಯನ ಮೇಜಿನ ಮುಂದೆ ಬಂದು ನಿಂತಿದೆ. ದೂರದೃಷ್ಟಿ ಚುರುಕಾಗಿರುವ, ಕೈ ಸ್ಥಿರವಾಗಿರುವ, ಬುದ್ಧಿ ಚೆನ್ನಾಗಿರುವ ತರುಣನೊಬ್ಬನು ವಿಮಾನ ನಡೆಸುವ ವಿದ್ಯೆಯನ್ನು ಬಯಸಿ ಬರುತ್ತಾನೆ. ಬಣ್ಣಬಣ್ಣದ ಚುಕ್ಕೆಗಳ ನಡುವೆ ಅಡಗಿರುವ ಅಂಕಿಯನ್ನು ಓದೆಂದರೆ ಅವನಿಗೆ ಅಲ್ಲಿ ಅಂಕಿಯೇ ಕಾಣದು. ಅಷ್ಟರಿಂದಲೇ ಅವನನ್ನು ಹಿಂದಕ್ಕೆ ಕಳುಹಿಸುವುದು ನ್ಯಾಯವೆ?

ವರ್ಣಾಂಧತೆ ಎಂಬ ಹೆಸರೇ ಒಂದಿಷ್ಟು ತಪ್ಪು ಭಾವನೆಯನ್ನು ಹುಟ್ಟಿಸುವುದು. ಈ ದೋಷವುಳ್ಳ ಬಹುಮಂದಿಗೆ ಲೋಕವು ಕಪ್ಪುಬಿಳುಪಾಗಿ ಕಾಣುವುದಿಲ್ಲ. ಕೆಂಪು ಹಸಿರುಗಳ ಭೇದ ಮಾತ್ರ ಮಸುಕಾಗುವುದು. ಇದು ಪ್ರಾಯಿಕವಾಗಿ ತಾಯಿಯ ಮೂಲಕ ಮಗನಿಗೆ ಬರುವ ಹುಟ್ಟುಗುಣ. ಉತ್ತರ ಯೂರೋಪಿನ ಮೂಲದವರಲ್ಲಿ ಸುಮಾರು 12 ಮಂದಿ ಗಂಡಸರಲ್ಲಿ ಒಬ್ಬನಿಗೂ, 200 ಮಂದಿ ಹೆಂಗಸರಲ್ಲಿ ಒಬ್ಬಳಿಗೂ ಇದು ಇರುವುದು. ಪರಮಾಣುವಾದದಿಂದ ಪ್ರಸಿದ್ಧನಾದ ಜಾನ್ ಡಾಲ್ಟನ್ 1794 ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯ ಮುಂದೆ ತನ್ನ ದೃಷ್ಟಿಯ ಈ ವೈಚಿತ್ರ್ಯವನ್ನು ವಿವರಿಸಿದನು. ಆಗ ಅವನಿಗೆ ಇಪ್ಪತ್ತೆಂಟರ ಆಸುಪಾಸು. ಪ್ರಾಯಕ್ಕೆ ಬರುವವರೆಗೂ ತನ್ನಲ್ಲಿ ಅಂಥ ಕೊರತೆಯುಂಟೆಂದು ಅವನೇ ಅರಿತಿರಲಿಲ್ಲ. ಕಣ್ಣಿನೊಳಗಿನ ದ್ರವವು ನೀಲಿಯಾಗಿರಬೇಕೆಂದು ಅವನು ಊಹಿಸಿದ್ದನು. 1844 ರಲ್ಲಿ ಅವನು ತೀರಿಕೊಂಡ ಮೇಲೆ ಪರೀಕ್ಷಿಸಲಾಗಿ ದ್ರವವು ತಿಳಿಯಾಗಿಯೇ ಇದ್ದಿತು. ತನ್ನ ಕಣ್ಣಿಗೆ ಕಾಣದುದನ್ನು ಮನುಷ್ಯನು ತಾನಾಗಿ ತಿಳಿಯಲಾರನು. ಆದುದರಿಂದ ಪರೀಕ್ಷೆಯು ಅವಮಾನವಲ್ಲ, ಅವಶ್ಯಕ.

ವಿಮಾನಯಾನದಲ್ಲಿ ಬಣ್ಣವೆಂಬುದು ಅಲಂಕಾರವಲ್ಲ, ಭಾಷೆ. ವಿಮಾನದ ಎಡರೆಕ್ಕೆಯ ತುದಿಯಲ್ಲಿ ಕೆಂಪು ದೀಪ, ಬಲರೆಕ್ಕೆಯ ತುದಿಯಲ್ಲಿ ಹಸಿರು. ಕತ್ತಲಲ್ಲಿ ಇನ್ನೊಂದು ವಿಮಾನವು ಎತ್ತ ಸಾಗುತ್ತಿದೆಯೆಂಬುದನ್ನು ಇವು ಹೇಳುವುವು. ರೇಡಿಯೋ ಕೆಟ್ಟಾಗ ನಿಲ್ದಾಣದ ಗೋಪುರವು ಹಸಿರು ಬೆಳಕಿನಿಂದ ಇಳಿಯಲು ಅಪ್ಪಣೆ ಕೊಡುವುದು, ಕೆಂಪು ಬೆಳಕಿನಿಂದ ತಡೆಯುವುದು. ಅನೇಕ ನಿಲ್ದಾಣಗಳಲ್ಲಿ ಓಡುದಾರಿಯ ಪಕ್ಕದಲ್ಲಿ ನಾಲ್ಕು ದೀಪಗಳ ಸಾಲೊಂದು ಇರುವುದು. ಎರಡು ಬಿಳಿ ಎರಡು ಕೆಂಪು ಕಂಡರೆ ಇಳಿಯುವ ದಾರಿ ಸರಿ. ನಾಲ್ಕೂ ಕೆಂಪಾದರೆ ವಿಮಾನವು ಅಪಾಯಕರವಾಗಿ ತಗ್ಗಿದೆಯೆಂದು ಅರ್ಥ. ಈ ಭಾಷೆಯನ್ನು ಓದಲಾರದವನ ಕೈಗೆ ನೂರಾರು ಪ್ರಾಣಗಳನ್ನು ಒಪ್ಪಿಸುವುದು ಕರುಣೆಯೆನಿಸದು. ಪ್ರಯಾಣಿಕನು ಚಾಲಕನನ್ನು ತಾನಾಗಿ ಆರಿಸಿಕೊಂಡವನಲ್ಲ. ಅವನ ಮುಖವನ್ನೂ ಕಂಡವನಲ್ಲ. ಅವನ ಪರವಾಗಿ ಪರೀಕ್ಷಿಸುವ ಹೊಣೆ ರಾಜ್ಯದ್ದು.

ಆದರೆ ಭಯವು ಅಳತೆ ಬಲ್ಲುದಲ್ಲ. 1875 ರಲ್ಲಿ ಸ್ವೀಡನ್ ದೇಶದ ಲಾಗರ್‌ಲುಂಡದಲ್ಲಿ ಎರಡು ರೈಲುಗಳು ಡಿಕ್ಕಿ ಹೊಡೆದು ಒಂಬತ್ತು ಮಂದಿ ಮಡಿದರು. ಉಪ್ಸಾಲದ ಹೋಮ್‌ಗ್ರೆನ್ ಎಂಬ ಪಂಡಿತನು ವರ್ಣಾಂಧತೆಯನ್ನೇ ಶಂಕಿಸಿ, ಬಣ್ಣದ ಉಣ್ಣೆಯೆಳೆಗಳಿಂದ ರೈಲು ನೌಕರರನ್ನು ಪರೀಕ್ಷಿಸುವ ಪದ್ಧತಿಯನ್ನು ಬಳಕೆಗೆ ತಂದನು. ಆ ಅಪಘಾತಕ್ಕೆ ವರ್ಣಾಂಧತೆಯೇ ಕಾರಣವೆಂಬುದನ್ನು ಈಚಿನ ವಿದ್ವಾಂಸರು ಒಪ್ಪುವುದಿಲ್ಲ. ಪದ್ಧತಿ ಮಾತ್ರ ಲೋಕದಲ್ಲೆಲ್ಲ ಹಬ್ಬಿತು. 2002 ನೆಯ ಇಸವಿ ಜುಲೈ 26 ರಂದು ಬೆಳಗಾಗುವ ಮುನ್ನ ಅಮೆರಿಕೆಯ ಟ್ಯಾಲಹಾಸಿಯಲ್ಲಿ ಸರಕಿನ ವಿಮಾನವೊಂದು ಓಡುದಾರಿಯನ್ನು ಮುಟ್ಟುವ ಮೊದಲೇ ಮರಗಳಿಗೆ ತಗುಲಿ ನಾಶವಾಯಿತು. ಒಳಗಿದ್ದ ಮೂವರೂ ಗಾಯಗೊಂಡು ಬದುಕಿದರು. ವಿಮಾನವನ್ನು ನಡೆಸುತ್ತಿದ್ದ ಸಹಚಾಲಕನಿಗೆ ತೀವ್ರವಾದ ವರ್ಣದೋಷವಿದ್ದಿತು. ವಿಶೇಷ ಅನುಮತಿಯ ಮೇಲೆ ಅವನು ಹಾರುತ್ತಿದ್ದನು. ವಿಚಾರಣೆಯ ಮಂಡಲಿಯು ಆ ದೋಷವನ್ನು ಕಾರಣಗಳ ಸಾಲಿಗೆ ಸೇರಿಸಿತು. ಆದರೆ ಅದೊಂದನ್ನೇ ಅಲ್ಲ. ದಣಿವನ್ನೂ, ಕ್ರಮವನ್ನು ಪಾಲಿಸದುದನ್ನೂ, ಜೊತೆಯವರು ಎಚ್ಚರಿಸದೆ ಹೋದುದನ್ನೂ ಎಣಿಸಿತು. ದೋಷವು ಅಪಾಯಕಾರಿಯೆನ್ನುವವರಿಗೂ, ದೋಷವೊಂದೇ ಅಪಾಯಕಾರಿಯಲ್ಲವೆನ್ನುವವರಿಗೂ ಇದೊಂದೇ ಉದಾಹರಣೆ ಸಾಕು.

ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯಬೇಕು? ಅಂತರರಾಷ್ಟ್ರೀಯ ವಿಮಾನಯಾನದ ನಿಯಮವು ಇದಕ್ಕೆ ದಾರಿ ತೋರಿದೆ. ಕರ್ತವ್ಯವನ್ನು ಸುರಕ್ಷಿತವಾಗಿ ನೆರವೇರಿಸಲು ಯಾವ ಬಣ್ಣಗಳ ಗ್ರಹಣವು ಅವಶ್ಯವೋ ಅವನ್ನು ಉಮೇದುವಾರನು ಸುಲಭವಾಗಿ ಗುರುತಿಸಬೇಕೆಂದು ಅದರ ಆಶಯ. ಎಲ್ಲ ಬಣ್ಣಗಳನ್ನೂ ಎಂದಲ್ಲ. ಜಪಾನಿನ ಇಶಿಹಾರನು 1917 ರಲ್ಲಿ ಪ್ರಕಟಿಸಿದ ಚುಕ್ಕೆಯ ಪಟಗಳು ಅಲ್ಪದೋಷವನ್ನೂ ಹಿಡಿಯಬಲ್ಲವು. ದೋಷ ಉಂಟೋ ಇಲ್ಲವೋ ಎಂಬುದನ್ನು ಅವು ಹೇಳುವುವೇ ಹೊರತು, ದೋಷವುಳ್ಳವನು ಓಡುದಾರಿಯ ದೀಪವನ್ನು ಗುರುತಿಸಬಲ್ಲನೆ ಎಂಬುದನ್ನು ಹೇಳವು. ಚುಕ್ಕೆ ಬೇರೆ, ದೀಪ ಬೇರೆ. ಲಂಡನಿನ ವಿಶ್ವವಿದ್ಯಾಲಯವೊಂದರ ಸಂಶೋಧಕರು ದೋಷದ ಪ್ರಮಾಣವನ್ನೇ ಅಳೆಯುವ ಗಣಕಯಂತ್ರದ ಪರೀಕ್ಷೆಯನ್ನು ರಚಿಸಿದರು. ದೋಷವುಳ್ಳವರಲ್ಲಿ ಸುಮಾರು ಮೂರನೆಯ ಒಂದು ಪಾಲಿನವರು ಆ ದೀಪಗಳನ್ನು ಸಾಮಾನ್ಯ ದೃಷ್ಟಿಯವರಂತೆಯೇ ಓದಬಲ್ಲರೆಂದು 2009 ರ ಅವರ ವರದಿಯಿಂದ ತಿಳಿದುಬಂದಿತು. ಹಳೆಯ ಗೆರೆಯು ಇವರನ್ನು ಹೊರಗಿಟ್ಟುದರಿಂದ ಯಾವ ಪ್ರಯಾಣಿಕನಿಗೂ ಲಾಭವಾಗಲಿಲ್ಲ. ಉಳಿದ ಎರಡು ಪಾಲಿನವರನ್ನು ಮರುಕದಿಂದ ಒಳಗೆ ಬಿಟ್ಟರೆ ನಷ್ಟವು ಪ್ರಯಾಣಿಕನದಾಗುವುದು.

ನಿಷೇಧವು ಅಪಾಯವಿರುವಷ್ಟೇ ದೂರ ಹೋಗಬೇಕು, ಅದರಾಚೆಗೆ ಒಂದು ಹೆಜ್ಜೆಯನ್ನೂ ಇಡಬಾರದು. ಪುಣೆಯ ಚಲನಚಿತ್ರ ಶಿಕ್ಷಣಸಂಸ್ಥೆಯು ವರ್ಣಾಂಧರನ್ನು ಕೆಲವು ತರಗತಿಗಳಿಂದ ದೂರವಿಡಲಾಗದೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2022 ರಲ್ಲಿ ನಿರ್ಣಯಿಸಿತು. ಚಿತ್ರದ ಬಣ್ಣ ಕೆಟ್ಟರೆ ಯಾರ ಪ್ರಾಣವೂ ಹೋಗದು, ಸಹಾಯಕನೊಬ್ಬನು ತಿದ್ದಬಹುದು. ವಿಮಾನದಲ್ಲಿ ಆ ಅವಕಾಶವು ಕಿರಿದು. ಆದುದರಿಂದ ಅಲ್ಲಿನ ಗೆರೆಯು ಇನ್ನೂ ಬಿಗಿಯಾಗಿರಬಹುದು. ಬಿಗಿಯಾದ ಗೆರೆ ಬೇರೆ, ಕುರುಡು ಗೆರೆ ಬೇರೆ.

ಉಮೇದುವಾರನಿಗೂ ಒಂದು ಧರ್ಮವುಂಟು. ಪಟಗಳ ಅಂಕಿಗಳನ್ನು ಬಾಯಿಪಾಠ ಮಾಡಿ ತೇರ್ಗಡೆಯಾದವನು ವೈದ್ಯನನ್ನಲ್ಲ, ಮುಂದೆ ತನ್ನನ್ನು ನಂಬಿ ಹತ್ತುವವರನ್ನು ವಂಚಿಸುವನು. ತಂದೆತಾಯಿಗಳಿಗೂ ಒಂದು ಕರ್ತವ್ಯವುಂಟು. ಮಗನ ಕಣ್ಣಿನ ಪರೀಕ್ಷೆಯನ್ನು ಹೊಲಮನೆಗಳನ್ನು ಒತ್ತೆಯಿಟ್ಟು ಶುಲ್ಕ ಕಟ್ಟಿದ ಮೇಲೆ ಮಾಡಿಸುವುದಕ್ಕಿಂತ ಬಾಲ್ಯದಲ್ಲಿಯೇ ಮಾಡಿಸುವುದು ಲೇಸು. ಎಳೆಯ ಮನಸ್ಸು ಬೇರೊಂದು ಬಯಕೆಗೆ ಸುಲಭವಾಗಿ ತಿರುಗೀತು.

ವಿಮಾನದ ಚಾಲಕಪೀಠಕ್ಕೆ ಯಾರಿಗೂ ಹುಟ್ಟಿನಿಂದ ಹಕ್ಕಿಲ್ಲ. ಆದರೆ ತಾನು ಮಾಡಬೇಕಾದ ಕೆಲಸದಲ್ಲಿಯೇ ಪರೀಕ್ಷಿತನಾಗುವ ಹಕ್ಕು ಎಲ್ಲರಿಗೂ ಉಂಟು. ಆ ಪರೀಕ್ಷೆ ನಡೆದ ಮೇಲೆ ಬರುವ ‘ಇಲ್ಲ’ ಎಂಬ ಮಾತು ಕಹಿಯಾದರೂ ಅನ್ಯಾಯವಲ್ಲ. ನಡೆಯದೆ ಬರುವ ‘ಇಲ್ಲ’ವು ಎಷ್ಟೇ ಮೃದುವಾಗಿದ್ದರೂ ನ್ಯಾಯವಲ್ಲ.