ಕಾಯಕವನ್ನು ಕೊಡುವವನ ಋಣ

ಕಾಯಕದ ಮಾತು ಬಂದಾಗಲೆಲ್ಲ ಕೆಲಸ ಮಾಡುವವನ ಧರ್ಮವನ್ನೇ ಎತ್ತಿ ಹೇಳುವುದು ರೂಢಿ. ದುಡಿಯುವವನು ನಿಷ್ಠೆಯಿಂದ ದುಡಿಯಬೇಕು, ಬಂದುದರಲ್ಲಿ ತೃಪ್ತನಾಗಬೇಕು, ಉಳಿದುದನ್ನು ದಾಸೋಹಕ್ಕೆ ಸಲ್ಲಿಸಬೇಕು ಎಂಬುದು ಸರ್ವರೂ ಬಲ್ಲ ಉಪದೇಶ. ಆದರೆ ಕೆಲಸ ಮಾಡಿಸಿಕೊಳ್ಳುವವನಿಗೂ ಒಂದು ಧರ್ಮವಿಲ್ಲವೆ? ಅದೇ ಕೆಲಸ ಬೇರೊಂದೆಡೆ ಅಗ್ಗವಾಗಿ ಆಗುವುದೆಂದು ಕಂಡೊಡನೆ, ಇದುವರೆಗೆ ತನಗಾಗಿ ದುಡಿದ ಕೈಯನ್ನು ಅವನು ಬಿಟ್ಟು ನಡೆಯಬಹುದೆ? ಹೊರಗುತ್ತಿಗೆಯ ಈ ಕಾಲದಲ್ಲಿ ಗೃಹಸ್ಥರೆಲ್ಲರೂ ವಿಚಾರಿಸಬೇಕಾದ ಪ್ರಶ್ನೆಯಿದು.

ರಬಕವಿ-ಬನಹಟ್ಟಿಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಜೂರಿ ನೇಯ್ಗೆ ಅಲ್ಲಿ ಬಹುಕಾಲದ ಪದ್ಧತಿ. ಮಾಲೀಕನು ನೂಲು ಕೊಡುತ್ತಾನೆ. ನೇಕಾರನು ಸೀರೆ ನೇಯ್ದು ಒಪ್ಪಿಸಿ, ಸೀರೆಯ ಲೆಕ್ಕದಲ್ಲಿ ಮಜೂರಿ ಪಡೆಯುತ್ತಾನೆ. ಮಗ್ಗದ ಮುಂದೆ ಇರುವವನು ಒಬ್ಬನೇ ಆದರೂ, ಕಂಡಿಕೆ ಸುತ್ತುವ ಹೆಂಗಸರು, ಹಾಸು ಸಿದ್ಧಮಾಡುವವರು, ನೂಲಿಗೆ ಬಣ್ಣ ಹಾಕುವವರು, ಇವರೆಲ್ಲರ ಅನ್ನವೂ ಆ ನೂಲನ್ನೇ ನಂಬಿಕೊಂಡಿದೆ. ಹೊರಗೆಲ್ಲೋ ಅಗ್ಗದ ಸೀರೆ ದೊರೆತಾಗ, ನಿನ್ನನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ಯಾರೂ ಬಂದು ಹೇಳುವುದಿಲ್ಲ. ಮುಂದಿನ ನೂಲು ಬರುವುದಿಲ್ಲ, ಅಷ್ಟೆ. ಲಾಳಿ ನಿಂತುದೇ ಸುದ್ದಿ.

ಆದರೆ ಸತ್ಯವನ್ನು ಪೂರ್ತಿಯಾಗಿ ನೋಡಬೇಕು. ಸೂರತ್ತಿನ ಸೀರೆಯನ್ನು ಕಂಡು ಕಳವಳಗೊಳ್ಳುವ ವಿದ್ಯುತ್ ಮಗ್ಗವೇ ಹಿಂದೆ ಕೈಮಗ್ಗದ ಕೆಲಸವನ್ನು ತೆಗೆದುಕೊಂಡಿತ್ತು. ಕೈಮಗ್ಗವನ್ನು ಉಳಿಸಲೆಂದೇ 1985ರಲ್ಲಿ ಕಾಯಿದೆ ಬಂದಿತು. ಮೊದಲು 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಡಲಾಯಿತು. ಮುಂದೆ ಅವು 11ಕ್ಕೆ ಇಳಿದವು. 1982ರ ಜನವರಿಯಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ, ಅಲ್ಲಿಯ ಬಟ್ಟೆ ಭಿವಂಡಿ ಮೊದಲಾದ ಊರುಗಳ ವಿದ್ಯುತ್ ಮಗ್ಗಗಳಿಗೆ ಸಾಗಿತು. ಹಲವು ಗಿರಣಿಗಳು ಮತ್ತೆ ಬಾಗಿಲು ತೆರೆಯಲಿಲ್ಲ. ಒಂದೂರಿನ ಅಳಲೇ ಇನ್ನೊಂದೂರಿನ ಅನ್ನವಾಯಿತು.

ನೂಲಿಗೆ ಒದಗಿದ ಗತಿ ಗಣಕಯಂತ್ರದ ಕೆಲಸಕ್ಕೂ ಒದಗಿದೆ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಗಣಕಗಳು 2000ನೆಯ ಇಸವಿಯನ್ನು ತಪ್ಪಾಗಿ ಎಣಿಸಿಯಾವೆಂಬ ಭಯ ಹುಟ್ಟಿದಾಗ, ಅದನ್ನು ಸರಿಪಡಿಸುವ ಕೆಲಸ ಹೇರಳವಾಗಿ ಭಾರತಕ್ಕೆ ಬಂದಿತು. 2004ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಇದೇ ದೊಡ್ಡ ವಿವಾದವಾಯಿತು. ಹೀಗೆ ಕೆಲಸ ಕಳೆದುಕೊಳ್ಳುವುದಕ್ಕೆ ಆ ದೇಶದ ಆಡುಮಾತಿನಲ್ಲಿ ಬೆಂಗಳೂರಿನ ಹೆಸರೇ ಕ್ರಿಯಾಪದವಾಯಿತು. ತನ್ನ ಸ್ಥಾನಕ್ಕೆ ಬರುವವನಿಗೆ ತಾನೇ ಕೆಲಸ ಕಲಿಸಿಕೊಟ್ಟು ಹೋಗಬೇಕೆಂಬ ಕಟ್ಟಳೆಗೂ ಅಲ್ಲಿ ಕೆಲವರು ಒಳಗಾದರು. ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ಓದಿ ಬೆಂಗಳೂರು ಸೇರಿದ ಮಕ್ಕಳ ಸಂಬಳದಿಂದ ಇಲ್ಲಿ ಮನೆಗಳು ಎದ್ದವು. ಕಡಲಾಚೆಯ ಯಾವುದೋ ಮನೆಯಲ್ಲಿ ಅದೇ ಹೊತ್ತಿಗೆ ಲಾಳಿ ನಿಂತಿತ್ತೆಂಬುದು ನೆನಪಿಗೆ ಬರಲಿಲ್ಲ. ಈಗ ತಮ್ಮ ಕೆಲಸವೂ ಇನ್ನೂ ಅಗ್ಗದ ನಾಡಿಗೋ ಯಂತ್ರಕ್ಕೋ ಹೋದೀತೆಂಬ ಭಯ ಆ ಮಕ್ಕಳಿಗೇ ಬಂದಿದೆ.

ಹಾಗಾದರೆ ದೋಷ ಯಾರದು? ಕೆಲಸ ಪಡೆದವನದಲ್ಲ. ಅವನಿಗೂ ಹಸಿವುಂಟು, ಅವನಿಗೂ ಮಕ್ಕಳುಂಟು. 1931ರಲ್ಲಿ ಗಾಂಧೀಜಿಯವರು ಇಂಗ್ಲೆಂಡಿನ ಲ್ಯಾಂಕಶೈರಿಗೆ ಹೋದರು. ಭಾರತವು ವಿದೇಶೀ ಬಟ್ಟೆಯನ್ನು ಬಹಿಷ್ಕರಿಸಿದ್ದರಿಂದ ಅಲ್ಲಿಯ ಗಿರಣಿ ಕೆಲಸಗಾರರಿಗೂ ಪೆಟ್ಟು ಬಿದ್ದಿತ್ತು. ಆದರೂ ಆ ಜನ ಅವರನ್ನು ಪ್ರೀತಿಯಿಂದ ಬರಮಾಡಿಕೊಂಡರು. ಭಾರತದ ಹಳ್ಳಿಗಳ ಕಡುಬಡತನವನ್ನು ಅವರ ಬಾಯಿಂದ ಕೇಳಿದರು. ದುಡಿಯುವವನು ದುಡಿಯುವವನನ್ನು ದ್ವೇಷಿಸಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕೆಲಸ ಕೊಡುವವನೂ ತನ್ನ ಪಕ್ಷವನ್ನು ಹೇಳಿಯಾನು: ‘ಗಿರಾಕಿಯು ಅಗ್ಗವನ್ನೇ ಕೇಳುತ್ತಾನೆ, ನಾನು ಅಗ್ಗವನ್ನು ಹುಡುಕದಿದ್ದರೆ ನನ್ನ ಅಂಗಡಿಯೇ ಮುಚ್ಚುತ್ತದೆ.’ ಈ ಮಾತಿನಲ್ಲಿ ಸತ್ಯವಿದೆ. ಆದುದರಿಂದ ಕೆಲಸವು ಊರು ಬಿಟ್ಟು ಊರಿಗೆ ಹೋಗುವುದನ್ನೇ ಅಧರ್ಮವೆನ್ನಲಾಗದು. ಲೆಕ್ಕ ತೀರಿಸದೆ ಹೋಗುವುದು ಅಧರ್ಮ. ಅಗ್ಗದಿಂದ ಲಾಭವೊಂದು ಹುಟ್ಟುತ್ತದೆ. ಅದು ಕೊಡುವವನ ಜಾಣ್ಮೆಯೊಂದರಿಂದಲೇ ಹುಟ್ಟಿತೆ? ವ್ಯಾಪಾರವನ್ನು ಇಷ್ಟು ದೂರ ಬೆಳೆಸಿದುದು ಹಿಂದೆ ದುಡಿದ ಕೈ. ಆ ಕೈ ಬರಿದಾಗುವಾಗ ಲಾಭವೆಲ್ಲವೂ ಒಂದೇ ಕಡೆ ಸೇರುವುದು ನ್ಯಾಯವಲ್ಲ.

ಆಯ್ದಕ್ಕಿ ಮಾರಯ್ಯನ ಕಥೆ ಇಲ್ಲಿ ದಾರಿ ತೋರುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಲಕ್ಕಮ್ಮ ಹೇಳಿ ಕಳುಹಿಸಿದಳು. ಆ ಅಕ್ಕಿ ಕಳವಿನದಲ್ಲ; ಆದರೂ ತಮ್ಮ ಪಾಲಿಗೆ ಮಿಗಿಲಾದುದೆಂದು ಅವಳಿಗೆ ತೋರಿತು. ಕಾಯಿದೆಗೆ ಸರಿಹೋದುದೆಲ್ಲ ತನ್ನದಾಗದು ಎಂಬ ಈ ವಿವೇಕ, ದೊಡ್ಡ ವ್ಯಾಪಾರಕ್ಕೆ ಇನ್ನೂ ಹೆಚ್ಚಾಗಿ ಬೇಕು. ನೂಲು ನಿಲ್ಲಿಸುವ ಮೊದಲು ಕೆಲವು ತಿಂಗಳ ತಿಳಿವಳಿಕೆ ಕೊಡುವುದು, ಹೊಸ ಕೆಲಸವಿದ್ದರೆ ಹಳಬರನ್ನು ಮೊದಲು ಕರೆಯುವುದು, ಅದನ್ನು ಕಲಿಯುವ ಕಾಲದಲ್ಲಿ ಮನೆ ನಡೆಯುವಷ್ಟು ಮಜೂರಿ ಕೊಡುವುದು, ಕಣ್ಣು ಮಬ್ಬಾದ ಮುದಿ ನೇಕಾರನಿಗೆ ಲಾಭದಲ್ಲಿ ಪಾಲಿಡುವುದು, ಇವು ಭಿಕ್ಷೆಯಲ್ಲ, ಸಾಲದ ತೀರಿಕೆ. ಮದುವೆಗೆ ಸೀರೆ ಕೊಳ್ಳುವ ಗೃಹಸ್ಥನೂ ಈ ಸಾಲದಲ್ಲಿ ಪಾಲುಗಾರ. ಬೆಲೆ ಮುರಿಯುವಾಗ ಯಾರ ಮಜೂರಿ ಮುರಿಯುತ್ತಿದೆ ಎಂದು ಅವನು ಕ್ಷಣಹೊತ್ತು ಯೋಚಿಸಬೇಕು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಹಣವು ಹೊಟ್ಟೆಯನ್ನು ತುಂಬೀತು. ಕಾಯಕ ಹೋದವನ ಬೆಳಗನ್ನು ತುಂಬಲಾರದು. ಮುಂಜಾನೆ ಎದ್ದು ಕೈಗೆ ಕೆಲಸವಿಲ್ಲದೆ ಕುಳಿತವನ ನೋವು ಮಜೂರಿಯ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅವನಿಗೆ ಬೇಕಾದುದು ಮತ್ತೊಂದು ಕಾಯಕವೇ. ಶರಣರಲ್ಲಿ ಅಗಸನಿದ್ದ, ಅಂಬಿಗನಿದ್ದ, ಹಗ್ಗ ಹೊಸೆಯುವವನಿದ್ದ. ಯಾವ ಕಾಯಕವೂ ಅವರಲ್ಲಿ ಕೀಳೆನಿಸಲಿಲ್ಲ. ಆದುದರಿಂದ ಮಗ್ಗ ಬಿಟ್ಟು ಬೇರೆ ಕೆಲಸ ಹಿಡಿಯುವುದರಲ್ಲಿ ನಾಚಿಕೆಯಿಲ್ಲ. ಆದರೆ ಈ ಉಪದೇಶವನ್ನು ಹೇಳುವ ಅಧಿಕಾರ, ಅವನ ಪಾಲನ್ನು ಅವನಿಗೆ ಒಪ್ಪಿಸಿದವನಿಗೆ ಮಾತ್ರ ಉಂಟು.